ಬ್ರೂವರಿ ಹುಡುಗನ ಥರ್ಮಾಮೀಟರ್

ಹೈಸ್ಕೂಲಿನಿಂದ ಇಲ್ಲಿವರೆಗೂ ನಾವೆಲ್ಲ ಇವನ ಹೆಸರನ್ನು ಎಷ್ಟು ಸಲ ಬರೆದಿದ್ದೇವೋ ಲೆಕ್ಕ ಇಲ್ಲ. ಉತ್ತರದ ಕೊನೆಯಲ್ಲಿ ಆ ಯೂನಿಟ್ ಹಾಕೋದು ಮರೆತ್ರೆ ಅರ್ಧ ಮಾರ್ಕ್ಸ್ ಕಟ್. ಜೂಲ್, ಕಿಲೋಜೂಲ್, ಜೂಲ್ ಪರ್ ಕೆಲ್ವಿನ್. ಆದ್ರೆ ಜೂಲ್ ಅನ್ನೋನು ಒಬ್ಬ ಮನುಷ್ಯ, ಅವನ ಮನೆಯ ಕಸುಬು ಬಿಯರ್ ಮಾಡೋದು, ಅವನು ಯಾವ ಕಾಲೇಜಿಗೂ ಹೋಗಿರಲಿಲ್ಲ ಅಂತ ನಮ್ಮ ಟೆಕ್ಸ್ಟ್‌ಬುಕ್ ಹೇಳೋದಿಲ್ಲ. ಡಿಗ್ರಿ ಇಲ್ಲ, ಪ್ರೊಫೆಸರ್ ಕೆಲಸ ಇಲ್ಲ. ಜೀವನಪೂರ್ತಿ ಅವನ ಲ್ಯಾಬ್ ಅಂದ್ರೆ ಮನೆಯ ಒಂದು ಕೋಣೆ, ನೆಲಮಾಳಿಗೆ, ಅಪ್ಪನ ಬ್ರೂವರಿ.

ಇವತ್ತು ಇಂಗ್ಲೆಂಡ್, ಅಮೆರಿಕದಲ್ಲಿ ಲಕ್ಷಾಂತರ ಜನ ಮನೆಯಲ್ಲೇ ಬಿಯರ್ ತಯಾರಿಸುತ್ತಾರೆ. ಹಿತ್ತಿಲ ಶೆಡ್‌ನಲ್ಲಿ ಒಂದು ಕೆಟಲ್, ಒಂದು ಹಳೇ ಫ್ರಿಜ್, ಅದರ ಬಾಗಿಲಿಗೆ ನಲ್ಲಿ. ಅವರ ಸೆಟಪ್ ಕೈಕೊಟ್ಟಾಗ ಬರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಜಾತಿಯವು: ಶಾಖ ಎಲ್ಲಿಂದ ಬಂತು, ಎಲ್ಲಿಗೆ ಹೋಯ್ತು? ಈ ಪ್ರಶ್ನೆಗೆ ಜಗತ್ತಿನಲ್ಲೇ ಮೊದಲು ಪಕ್ಕಾ ಲೆಕ್ಕ ಕೊಟ್ಟವರಲ್ಲಿ ಒಬ್ಬ ಬ್ರೂವರಿ ಹುಡುಗನೇ ಆಗಿದ್ದ. ಇದು ಅವನ ಕಥೆ.

ಸಾಲ್ಫರ್ಡ್‌ನ ಹುಡುಗ

ಜೇಮ್ಸ್ ಪ್ರೆಸ್ಕಾಟ್ ಜೂಲ್ ಹುಟ್ಟಿದ್ದು 1818ರ ಡಿಸೆಂಬರ್ 24ರಂದು, ಮ್ಯಾಂಚೆಸ್ಟರ್‌ಗೆ ಅಂಟಿಕೊಂಡಿರುವ ಸಾಲ್ಫರ್ಡ್‌ನಲ್ಲಿ. ಮನೆ ಇದ್ದದ್ದು ನ್ಯೂ ಬೇಲಿ ಸ್ಟ್ರೀಟ್‌ನಲ್ಲಿ, ಪಕ್ಕದಲ್ಲೇ ಅಪ್ಪ ಬೆಂಜಮಿನ್‌ನ ಬ್ರೂವರಿ. ದುಡ್ಡಿಗೆ ಕೊರತೆ ಇರಲಿಲ್ಲ. ಆದ್ರೆ ಹುಡುಗನ ಬೆನ್ನುಮೂಳೆಯಲ್ಲಿ ಸಣ್ಣ ತೊಂದರೆ, ಆರೋಗ್ಯ ಅಷ್ಟಕ್ಕಷ್ಟೇ, ಸ್ವಭಾವ ನಾಚಿಕೆ. ಹಾಗಾಗಿ ಮನೆಪಾಠ.

1834ರಲ್ಲಿ ಅಪ್ಪ ಇಬ್ಬರು ಮಕ್ಕಳನ್ನು ಒಬ್ಬ ಮುದುಕರ ಹತ್ತಿರ ಪಾಠಕ್ಕೆ ಕಳಿಸಿದ. ಆ ಮುದುಕರು ಯಾರು ಗೊತ್ತಾ? ಜಾನ್ ಡಾಲ್ಟನ್. ಹೌದು, ಪರಮಾಣು ಸಿದ್ಧಾಂತದ ಡಾಲ್ಟನ್ನೇ. ಹುಡುಗರು ಕೆಮಿಸ್ಟ್ರಿ ಪ್ರಯೋಗ ನೋಡಬಹುದು ಅಂತ ಆಸೆಯಿಂದ ಹೋದರೆ, ಡಾಲ್ಟನ್ ಮೊದಲು ಕೂರಿಸಿ ಮಾಡಿಸಿದ್ದು ಅಂಕಗಣಿತ ಮತ್ತು ರೇಖಾಗಣಿತ. ಕೆಮಿಸ್ಟ್ರಿಗೆ ಬರೋ ಹೊತ್ತಿಗೆ, 1837ರಲ್ಲಿ, ಡಾಲ್ಟನ್‌ಗೆ ಪಾರ್ಶ್ವವಾಯು ಹೊಡೆದು ಪಾಠ ನಿಂತೇ ಹೋಯ್ತು. ಜೂಲ್‌ನ ಔಪಚಾರಿಕ ವಿದ್ಯಾಭ್ಯಾಸ ಅಂದ್ರೆ ಬಹುತೇಕ ಇಷ್ಟೇ. ಆದ್ರೆ ಒಂದು ವಿಷಯ ಮಾತ್ರ ಅವನ ತಲೆಯಲ್ಲಿ ಉಳೀತು: ಅಳೆಯದೆ ಏನನ್ನೂ ನಂಬಬಾರದು.

ಅಣ್ಣ ತಮ್ಮ ಇಬ್ಬರೂ ಮನೆಯಲ್ಲಿ ವಿದ್ಯುತ್ ಆಟ ಆಡೋರು. ಒಬ್ಬರಿಗೊಬ್ಬರು ಶಾಕ್ ಕೊಟ್ಟುಕೊಳ್ಳೋದು, ಸಿಕ್ಕರೆ ಕೆಲಸದವರಿಗೂ ಕೊಡೋದು. ಅಣ್ಣ ಮುಂದೆ ಸಂಗೀತದ ಕಡೆ ಹೋದ, ತಮ್ಮ ವಿದ್ಯುತ್ ಬಿಡಲೇ ಇಲ್ಲ.

ಬ್ರೂವರಿ ಕಲಿಸಿದ್ದೇನು

ಇಲ್ಲಿ ಸ್ವಲ್ಪ ನಿಂತು ಬ್ರೂವರಿ ಒಳಗೆ ಏನು ನಡೀತದೆ ನೋಡೋಣ. ಇಲ್ಲದಿದ್ರೆ ಮುಂದಿನ ಕಥೆ ಅರ್ಥ ಆಗೋದಿಲ್ಲ.

ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟ್. ಅದನ್ನು ಒಡೆದು ಬಿಸಿನೀರಿನಲ್ಲಿ ಗಂಟೆಗಟ್ಟಲೆ ನೆನೆಸಿಡ್ತಾರೆ, ಇದಕ್ಕೆ ಮ್ಯಾಶ್ ಅಂತ ಹೆಸರು. ಈ ಹೊತ್ತಿನಲ್ಲಿ ಮಾಲ್ಟ್‌ನ ಎನ್‌ಜೈಮ್‌ಗಳು ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ನೀರು 65 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಒಂದು ಥರದ ಬಿಯರ್, 69 ಆದರೆ ಅದೇ ಮಾಲ್ಟ್‌ನಿಂದ ದಪ್ಪಗೆ, ಸಿಹಿಯಾಗಿ ಇನ್ನೊಂದು ಥರ. 80 ದಾಟಿಸಿದಿರೋ, ಎನ್‌ಜೈಮ್ ಸತ್ತು ಹೋಗಿ ಸಕ್ಕರೆಯೇ ಹುಟ್ಟೋದಿಲ್ಲ, ಇಡೀ ಬ್ಯಾಚ್ ಗಂಜಿ. ಆಮೇಲೆ ಹಾಪ್ಸ್ ಹಾಕಿ ಕುದಿಸಬೇಕು, ತಣಿಸಬೇಕು, ಯೀಸ್ಟ್ ಹಾಕಬೇಕು. ಯೀಸ್ಟ್ ಕೆಲಸ ಮಾಡುವಾಗ ತಾನೇ ಶಾಖ ಬಿಡ್ತದೆ, ಅದನ್ನೂ ಕಾಯ್ತಾ ಕೂರಬೇಕು.

ಅಂದ್ರೆ ಬ್ರೂವರಿ ಅನ್ನೋದು ದಿನವಿಡೀ ಥರ್ಮಾಮೀಟರ್ ನೋಡುವ ಜಾಗ. ಆಗಿನ ಇಂಗ್ಲೆಂಡಿನಲ್ಲಿ ಮಾಲ್ಟ್ ಮೇಲೆ ತೆರಿಗೆಯೂ ಇತ್ತು. ಒಂದೊಂದು ಮೂಟೆಯಿಂದ ಎಷ್ಟು ಸಕ್ಕರೆ ಹೊರಟಿತು ಅನ್ನೋದು ನೇರವಾಗಿ ಲಾಭ ನಷ್ಟದ ಪ್ರಶ್ನೆ. ಪ್ರೊಫೆಸರ್‌ಗಳು ಥರ್ಮಾಮೀಟರನ್ನು ಯಾವಾಗಲೋ ಒಮ್ಮೆ ಕೈಗೆತ್ತಿಕೊಳ್ಳುತ್ತಿದ್ದರೆ, ಈ ಹುಡುಗನಿಗೆ ಅದು ಅಡುಗೆಯವನಿಗೆ ಸೌಟು ಇದ್ದಂಗೆ. ಡಿಗ್ರಿಯ ಸಣ್ಣ ತುಣುಕನ್ನು ಕೂಡ ಕಣ್ಣಳತೆಯಲ್ಲಿ ಓದುವ ಅಭ್ಯಾಸ ಅವನಿಗೆ ಇಂಥ ಕಡೆ ಬಂತು ಅಂತ ವಿಜ್ಞಾನದ ಇತಿಹಾಸ ಬರೆಯುವ ಕೆಲವರು ವಾದ ಮಾಡ್ತಾರೆ. ನನಗೂ ಅದು ಸರಿ ಅನ್ನಿಸ್ತದೆ.

ಹತ್ತೊಂಬತ್ತನೇ ವಯಸ್ಸಿನ ಪೇಪರ್

1838ರ ಜನವರಿಯಲ್ಲಿ ಜೂಲ್ ತನ್ನ ಮೊದಲ ಪೇಪರ್ ಬರೆದ. ವಯಸ್ಸು 19, ಅಂದ್ರೆ ನಮ್ಮ ಬ್ಯಾಚಿನವರ ವಯಸ್ಸು. ವಿಷಯ ಎಲೆಕ್ಟ್ರಿಕ್ ಮೋಟಾರ್. ಆಗ ಯೂರೋಪಿನಲ್ಲೆಲ್ಲ ಎಲೆಕ್ಟ್ರಿಕ್ ಮೋಟಾರ್ ಹುಚ್ಚು. ಕಲ್ಲಿದ್ದಲಿನ ಸ್ಟೀಮ್ ಎಂಜಿನ್ ಕಥೆ ಮುಗೀತು, ಇನ್ನು ಬ್ಯಾಟರಿಯಿಂದ ಬೇಕಾದಷ್ಟು ಶಕ್ತಿ ಪುಕ್ಕಟೆ ಸಿಗ್ತದೆ ಅಂತ ಎಷ್ಟೋ ಜನ ನಂಬಿದ್ದರು. ಜೂಲ್‌ಗೂ ಅದೇ ಕನಸು. ಬ್ರೂವರಿಗೆ ಇಂಥ ಒಂದು ಎಂಜಿನ್ ಹಾಕಿಬಿಟ್ಟರೆ ಎಷ್ಟು ದುಡ್ಡು ಉಳೀತದೆ ಅಂತ ಯಾವ ವ್ಯಾಪಾರಿ ಮಗ ಲೆಕ್ಕ ಹಾಕೋದಿಲ್ಲ?

ಆದ್ರೆ ಇವನು ನಿಜವಾಗಿಯೂ ಲೆಕ್ಕ ಹಾಕಿದ. ಒಂದು ಪೌಂಡ್ ಕಲ್ಲಿದ್ದಲು ಒಳ್ಳೆಯ ಸ್ಟೀಮ್ ಎಂಜಿನ್‌ನಲ್ಲಿ ಎಷ್ಟು ಭಾರ ಎತ್ತುತ್ತೆ, ಒಂದು ಪೌಂಡ್ ಸತು ಬ್ಯಾಟರಿಯಲ್ಲಿ ಕರಗಿ ಎಷ್ಟು ಎತ್ತುತ್ತೆ. ಸತುವಿಗೆ ಸಿಕ್ಕಿದ್ದು ಕಲ್ಲಿದ್ದಲಿನ ಐದನೇ ಒಂದು ಭಾಗದ ಆಸುಪಾಸು. ಬೆಲೆ ನೋಡಿದ್ರೆ ಸತು ಕಲ್ಲಿದ್ದಲಿಗಿಂತ ಎಷ್ಟೋ ಪಟ್ಟು ದುಬಾರಿ. ಮೋಟಾರ್ ಕನಸು ಅಲ್ಲಿಗೆ ಮುಗೀತು. ಬೇರೆ ಯಾರಾದ್ರೂ ಆಗಿದ್ರೆ ಸಾಮಾನು ಅಟ್ಟಕ್ಕೆ ಹಾಕಿ ಸುಮ್ಮನಾಗ್ತಿದ್ದರು. ಜೂಲ್ ಕೇಳಿದ್ದು ಬೇರೆ ಪ್ರಶ್ನೆ: ಆ ಶಕ್ತಿ ಹೋಯ್ತೆಲ್ಲಿಗೆ? ತಂತಿ ಬಿಸಿ ಆಗ್ತಿದೆಯಲ್ಲ, ಅದೆಷ್ಟು?

ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಥರ್ಮಾಮೀಟರ್ ಇಟ್ಟು, ಕರೆಂಟ್ ಬದಲಾಯಿಸುತ್ತಾ ಅಳೆದ. 1840ರಲ್ಲಿ ಉತ್ತರ ಸಿಕ್ತು. ಕರೆಂಟ್ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ನಾವು ಬಾಯಿಪಾಠ ಮಾಡಿರೋ ಐ ಸ್ಕ್ವೇರ್ ಆರ್ ಇದೇ. ಲಂಡನ್ನಿನ ರಾಯಲ್ ಸೊಸೈಟಿಗೆ ಪೇಪರ್ ಕಳಿಸಿದ. ಅವರು ಪ್ರಕಟಿಸಿದ್ದು ಸಾರಾಂಶ ಮಾತ್ರ. ಪೂರ್ತಿ ಪೇಪರ್ ಮರುವರ್ಷ ಬೇರೆ ಪತ್ರಿಕೆಯಲ್ಲಿ ಬಂತು.

ಇವತ್ತು ಮನೆಯಲ್ಲಿ ಬಿಯರ್ ಮಾಡೋರ ಎಲೆಕ್ಟ್ರಿಕ್ ಕೆಟಲ್ ನಡೆಯೋದೇ ಈ ನಿಯಮದ ಮೇಲೆ. ಅದು ಕೈಕೊಟ್ಟಾಗ ಹುಡುಕೋದೂ ಇದರಿಂದಲೇ. 20 ಲೀಟರ್ ನೀರನ್ನು 20 ಡಿಗ್ರಿಯಿಂದ 65ಕ್ಕೆ ಏರಿಸಲು ಸುಮಾರು 37.7 ಲಕ್ಷ ಜೂಲ್ ಬೇಕು. 2000 ವ್ಯಾಟ್‌ನ ಎಲಿಮೆಂಟ್ ಆದ್ರೆ ಅರ್ಧ ಗಂಟೆ ಸಾಕು. 45 ನಿಮಿಷ ಆಗ್ತಿದೆ ಅಂದ್ರೆ ಎಲ್ಲೋ ಸೋರ್ತಿದೆ ಅಂತ ಅರ್ಥ. ಎಕ್ಸ್‌ಟೆನ್ಶನ್ ವೈರ್ ಮುಟ್ಟಿ ನೋಡಿ. ಸಣ್ಣ ವೈರ್ ಆಗಿದ್ರೆ ಅದೂ ಒಂದು ಹೀಟರ್ರೇ, ನೀರಿಗೆ ಹೋಗಬೇಕಾದ ಶಾಖದಲ್ಲಿ ಪಾಲು ತಿಂತಾ ಇರ್ತದೆ. ವೋಲ್ಟೇಜ್ 230ರ ಬದಲು 200 ಬರ್ತಿದ್ರೆ ಪವರ್ ಕಾಲುಭಾಗದಷ್ಟು ಕಡಿಮೆ. ಯಾಕೆ ಅಂದ್ರೆ ಇಲ್ಲೂ ಸ್ಕ್ವೇರ್ ಇದೆ.

ಯಾರೂ ಕೇಳದ ಮಾತು

ಆ ಕಾಲದ ದೊಡ್ಡ ದೊಡ್ಡ ವಿಜ್ಞಾನಿಗಳು ಶಾಖ ಅನ್ನೋದು ಒಂದು ದ್ರವದಂಥ ವಸ್ತು ಅಂತ ನಂಬಿದ್ದರು. ಅದರ ಹೆಸರು ಕ್ಯಾಲೊರಿಕ್. ಅದು ಒಂದು ಕಡೆಯಿಂದ ಇನ್ನೊಂದು ಕಡೆ ಹರೀತದೆ, ಆದ್ರೆ ಹೊಸದಾಗಿ ಹುಟ್ಟೋದೂ ಇಲ್ಲ, ಸಾಯೋದೂ ಇಲ್ಲ. ಜೂಲ್‌ನ ಪ್ರಯೋಗ ಬೇರೇನೋ ಹೇಳ್ತಿತ್ತು. ನೀರು ತುಂಬಿದ ಕೊಳವೆಯೊಳಗೆ ಒಂದು ಸಣ್ಣ ಎಲೆಕ್ಟ್ರೋಮ್ಯಾಗ್ನೆಟ್ ಇಟ್ಟು, ಅದನ್ನು ದೊಡ್ಡ ಅಯಸ್ಕಾಂತದ ಧ್ರುವಗಳ ಮಧ್ಯೆ ತಿರುಗಿಸಿದ. ತಿರುಗಿಸಿದಷ್ಟೂ ನೀರು ಬಿಸಿ. ಬೇರೆ ಕಡೆಯಿಂದ ಶಾಖ ಹರಿದು ಬರ್ತಾನೇ ಇಲ್ಲ, ಹಾಗಾದ್ರೆ ತಿರುಗಿಸುವ ಕೆಲಸವೇ ಶಾಖ ಆಗ್ತಿದೆ.

ಎಷ್ಟು ಕೆಲಸಕ್ಕೆ ಎಷ್ಟು ಶಾಖ? ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸೋ ಶಾಖಕ್ಕೆ 838 ಅಡಿ-ಪೌಂಡ್ ಕೆಲಸ ಅಂತ ಅವನ ಮೊದಲ ಲೆಕ್ಕ. ಅಂದ್ರೆ ಒಂದು ಪೌಂಡ್ ತೂಕವನ್ನು 838 ಅಡಿ ಎತ್ತುವಷ್ಟು ಕೆಲಸ. 1843ರ ಆಗಸ್ಟ್‌ನಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಬ್ರಿಟಿಷ್ ಅಸೋಸಿಯೇಷನ್ ಸಭೆ. ಜೂಲ್ ಎದ್ದು ನಿಂತು ಓದಿದ. ಸಭೆ ಸುಮ್ಮನೆ ಕೂತಿತ್ತು. ಬೈದಿದ್ರೂ ಒಂದು ಸಮಾಧಾನ ಇರ್ತಿತ್ತೇನೋ, ಯಾರೂ ಲೆಕ್ಕಕ್ಕೇ ತಗೊಳ್ಳಲಿಲ್ಲ.

ಜರ್ಮನಿಯಲ್ಲಿ ರಾಬರ್ಟ್ ಮೇಯರ್ ಅನ್ನೋ ಡಾಕ್ಟರ್ 1842ರಲ್ಲೇ ಇಂಥದೇ ಮಾತು ಬರೆದಿದ್ದ, ಅವನನ್ನೂ ಯಾರೂ ಕೇಳಿರಲಿಲ್ಲ. ಮುಂದೆ ಯಾರು ಮೊದಲು ಅಂತ ದೊಡ್ಡ ಜಗಳವೇ ಆಯ್ತು. ಈ ವಿಚಾರವನ್ನು ಮೊದಲು ಹೇಳಿದ ಗೌರವ ಮೇಯರ್‌ಗೆ ಸಲ್ಲಬೇಕು. ಆದ್ರೆ ವರ್ಷಗಟ್ಟಲೆ ಕೂತು, ಬೇರೆ ಬೇರೆ ದಾರಿಯಲ್ಲಿ ಅಳೆದು, ಯಾರೂ ಅಲ್ಲಗಳೆಯದ ಹಾಗೆ ಮಾಡಿದ್ದು ಜೂಲ್.

ಅದೇ ವರ್ಷ ಅಪ್ಪ ವಾಲಿ ರೇಂಜ್‌ನ ಹೊಸ ಮನೆಯಲ್ಲಿ ಮಗನಿಗೆ ಒಂದು ಲ್ಯಾಬ್ ಕಟ್ಟಿಸಿಕೊಟ್ಟ. ಜೂಲ್ ಗಾಳಿಯನ್ನು ತಾಮ್ರದ ಪಾತ್ರೆಯೊಳಗೆ 22 ಪಟ್ಟು ಒತ್ತಡದವರೆಗೆ ತುಂಬಿ, ಅದರ ಶಾಖ ಅಳೆದ. 1844ರಲ್ಲಿ ಆ ಪೇಪರನ್ನು ರಾಯಲ್ ಸೊಸೈಟಿಗೆ ಕಳಿಸಿದರೆ ಈ ಸಲ ಪೂರ್ತಿ ತಿರಸ್ಕಾರ. ಮ್ಯಾಂಚೆಸ್ಟರ್‌ನ ಒಬ್ಬ ಬಿಯರ್ ವ್ಯಾಪಾರಿ ಡಿಗ್ರಿಯ ನೂರನೇ ಭಾಗ ಅಳೆದೆ ಅಂದ್ರೆ ಲಂಡನ್ನಿನವರು ಯಾಕೆ ನಂಬಬೇಕು?

ಇಪ್ಪತ್ತು ಸಲ ಬೀಳುವ ಸೀಸ

ಆಮೇಲೆ ಬಂದದ್ದು ನಮಗೆಲ್ಲ ಚಿತ್ರ ಗೊತ್ತಿರುವ ಪ್ಯಾಡಲ್ ವ್ಹೀಲ್ ಪ್ರಯೋಗ. ತಾಮ್ರದ ಪಾತ್ರೆಯಲ್ಲಿ ನೀರು, ಒಳಗೆ ಹಿತ್ತಾಳೆಯ ಪ್ಯಾಡಲ್. ಎರಡೂ ಬದಿಯಲ್ಲಿ ದಾರಕ್ಕೆ ಕಟ್ಟಿದ ಸೀಸದ ತೂಕ. ತೂಕ ಇಳಿದಂತೆ ಪ್ಯಾಡಲ್ ತಿರುಗಿ ನೀರನ್ನು ಕಡೆಯುತ್ತೆ. ಮಜ್ಜಿಗೆ ಕಡೆದ ಹಾಗೆ. ಚಿತ್ರದಲ್ಲಿ ಸುಲಭವಾಗಿ ಕಾಣ್ತದೆ. ಸಂಖ್ಯೆ ನೋಡಿದ್ರೆ ಮೈ ಜುಂ ಅನ್ನುತ್ತೆ.

1849ರಲ್ಲಿ ಓದಿದ, 1850ರಲ್ಲಿ ಪ್ರಕಟವಾದ ದೊಡ್ಡ ಪೇಪರ್‌ನ ಅಂಕಿ ಇವು. ಒಂದೊಂದು ತೂಕ ಸುಮಾರು 13 ಕಿಲೋ. ಬೀಳುವ ಎತ್ತರ ಸುಮಾರು 1.6 ಮೀಟರ್. ಒಂದು ಪ್ರಯೋಗಕ್ಕೆ 20 ಸಲ ಬೀಳಿಸಬೇಕು, ಪ್ರತಿ ಸಲ ಕೈಯಿಂದ ಮತ್ತೆ ಮೇಲಕ್ಕೆ ಸುತ್ತಬೇಕು. ಸುಮಾರು 35 ನಿಮಿಷದ ಕೆಲಸ. ಕ್ಯಾಲ್ಕುಲೇಟರ್ ತೆಗೀರಿ: ಒಟ್ಟು 26.3 ಕಿಲೋ, ಒಟ್ಟು 32 ಮೀಟರ್, ಗುಣಿಸು 9.8. ಬರೋದು ಸುಮಾರು 8250 ಜೂಲ್. ಪಾತ್ರೆಯ ಲೆಕ್ಕವೂ ಸೇರಿ ನೀರು 6.3 ಕಿಲೋ. ಹಾಗಾದ್ರೆ ಬಿಸಿ ಏರೋದು ಎಷ್ಟು? 0.31 ಡಿಗ್ರಿ ಸೆಲ್ಸಿಯಸ್. ಅರ್ಧ ಗಂಟೆ ಬೆವರು ಸುರಿಸಿದ್ದಕ್ಕೆ ಮೂರನೇ ಒಂದು ಡಿಗ್ರಿಯೂ ಇಲ್ಲ!

ಈ ಮೂರನೇ ಒಂದು ಡಿಗ್ರಿಯಲ್ಲಿ ಕಳ್ಳರು ಎಲ್ಲೆಲ್ಲಿ ಇರಬಹುದು? ಜೂಲ್ ಒಬ್ಬೊಬ್ಬರನ್ನೇ ಹಿಡಿದ. ಕೋಣೆಯ ಬಿಸಿ ಬದಲಾಗ್ತದೆ, ಅದಕ್ಕೆ ನೆಲಮಾಳಿಗೆ. ಪ್ರಯೋಗ ಮಾಡುವವನ ಮೈ ಶಾಖವೇ ಥರ್ಮಾಮೀಟರ್‌ಗೆ ತಟ್ಟುತ್ತೆ, ಅದಕ್ಕೆ ಮಧ್ಯೆ ಮರದ ದೊಡ್ಡ ಪರದೆ. ಲೋಹದ ದಂಡದ ಮೂಲಕ ಶಾಖ ಹತ್ತಿ ಹೊರಗೆ ಹೋಗ್ತದೆ, ಅದಕ್ಕೆ ದಂಡದ ನಡುವೆ ಮರದ ತುಂಡು. ತೂಕವನ್ನು ಮೇಲೆ ಸುತ್ತುವಾಗ ಪ್ಯಾಡಲ್ ತಿರುಗಬಾರದು, ಅದಕ್ಕೆ ತೆಗೆದು ಹಾಕುವ ಪಿನ್. ರಾಟೆಯ ಘರ್ಷಣೆ ಎಷ್ಟು, ತೂಕ ನೆಲಕ್ಕೆ ತಾಗುವಾಗ ಉಳಿದಿರುವ ವೇಗ ಎಷ್ಟು, ಎಲ್ಲ ಕಳೆದ. ಇಷ್ಟಾದ ಮೇಲೂ ಗಾಳಿಯಿಂದ ಬರುವ ಶಾಖ ಇರ್ತದಲ್ಲ? ಅದಕ್ಕೆ ಪ್ರತಿ ಪ್ರಯೋಗಕ್ಕೂ ಜೋಡಿಯಾಗಿ ಇನ್ನೊಂದು ಪ್ರಯೋಗ: ಅಷ್ಟೇ ಹೊತ್ತು ಪ್ಯಾಡಲ್ ತಿರುಗಿಸದೆ ಸುಮ್ಮನೆ ಬಿಟ್ಟು ಎಷ್ಟು ಬಿಸಿ ಏರ್ತದೆ ನೋಡೋದು. ಅದನ್ನು ಕಳೆಯೋದು. ನೀರಿನ ಒಂದು ಸರಣಿಗೇ ಇಂಥ 40 ಪ್ರಯೋಗ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಪ್ರಯೋಗದಲ್ಲಂತೂ ಕಿರ್ ಅಂತ ಶಬ್ದ ಬರ್ತಿತ್ತು. ಶಬ್ದಕ್ಕೂ ಶಕ್ತಿ ಖರ್ಚಾಗ್ತದಲ್ಲ ಅಂತ, ಚೆಲ್ಲೋ ವಾದ್ಯದ ತಂತಿಯಿಂದ ಅಷ್ಟೇ ಜೋರು ಶಬ್ದ ಬರಿಸಲು ಎಷ್ಟು ಕೆಲಸ ಬೇಕು ಅಂತ ಅಂದಾಜು ಮಾಡಿ ಅದನ್ನೂ ಕಳೆದ. ಥರ್ಮಾಮೀಟರ್‌ಗಳನ್ನು ಮಾಡಿಕೊಟ್ಟದ್ದು ಮ್ಯಾಂಚೆಸ್ಟರ್‌ನ ಉಪಕರಣ ತಯಾರಕ ಜಾನ್ ಬೆಂಜಮಿನ್ ಡ್ಯಾನ್ಸರ್. ಅದರಲ್ಲಿ ಜೂಲ್ ಒಂದು ಡಿಗ್ರಿ ಫ್ಯಾರನ್‌ಹೀಟ್‌ನ ಇನ್ನೂರನೇ ಒಂದು ಭಾಗದವರೆಗೆ ಓದುತ್ತಿದ್ದ.

ಅವನ ಸಂಖ್ಯೆಗಳನ್ನು ಸಾಲಾಗಿ ಇಟ್ಟರೆ ಅದೇ ಒಂದು ಜೀವನಚರಿತ್ರೆ. 1843ರಲ್ಲಿ 838. 1845ರಲ್ಲಿ ಪ್ಯಾಡಲ್‌ನ ಮೊದಲ ಉತ್ತರ 890. 1847ರಲ್ಲಿ ಸುಮಾರು 782. 1850ರಲ್ಲಿ 772. ನೀರು, ಪಾದರಸ, ಕಬ್ಬಿಣ, ಏನನ್ನೇ ಕಡೆದರೂ ಉಜ್ಜಿದರೂ ಉತ್ತರ ಒಂದೇ ಕಡೆಗೆ ಬಂದು ನಿಂತಿತು. ವಸ್ತು ಬದಲಾದರೂ ಸಂಖ್ಯೆ ಬದಲಾಗೋದಿಲ್ಲ ಅಂದ್ರೆ ಅದು ಪ್ರಕೃತಿಯ ಸಂಖ್ಯೆ.

ಆಕ್ಸ್‌ಫರ್ಡ್‌ನ ಸಂಜೆ, ಆಲ್ಪ್ಸ್‌ನ ದಾರಿ

1847ರ ಏಪ್ರಿಲ್ 28ರಂದು ಜೂಲ್ ಮ್ಯಾಂಚೆಸ್ಟರ್‌ನ ಸೇಂಟ್ ಆನ್ಸ್ ಚರ್ಚ್‌ನ ವಾಚನಾಲಯದಲ್ಲಿ ಸಾಮಾನ್ಯ ಜನರಿಗೆ ಒಂದು ಉಪನ್ಯಾಸ ಕೊಟ್ಟ. ಶಕ್ತಿ ನಾಶ ಆಗೋದಿಲ್ಲ, ರೂಪ ಬದಲಾಯಿಸ್ತದೆ ಅಷ್ಟೇ ಅನ್ನೋದನ್ನು ಅಲ್ಲಿ ಪೂರ್ತಿಯಾಗಿ ಹೇಳಿದ. ಅದನ್ನು ಇಡಿಯಾಗಿ ಅಚ್ಚು ಹಾಕಿದ್ದು ಮ್ಯಾಂಚೆಸ್ಟರ್ ಕುರಿಯರ್ ಪತ್ರಿಕೆ. ಅಲ್ಲಿ ಅಣ್ಣ ಸಂಗೀತ ವಿಮರ್ಶೆ ಬರೀತಿದ್ದ, ಆ ಪರಿಚಯ ಕೆಲಸಕ್ಕೆ ಬಂತು. ಜಗತ್ತಿನ ಬಹುದೊಡ್ಡ ನಿಯಮವೊಂದು ಊರಿನ ಪೇಪರ್‌ನಲ್ಲಿ ಬಂದದ್ದು ಹೀಗೆ.

ಎರಡು ತಿಂಗಳ ಮೇಲೆ ಆಕ್ಸ್‌ಫರ್ಡ್‌ನಲ್ಲಿ ಸಭೆ. ಟೈಮ್ ಇಲ್ಲ, ಬೇಗ ಮುಗಿಸಿ ಅಂತ ಅಧ್ಯಕ್ಷರ ಸೂಚನೆ. ಈ ಸಲವೂ ಕಾರ್ಕ್‌ನ ಕಥೆಯೇ ಆಗಬೇಕಿತ್ತು. ಆದ್ರೆ ಕೇಳುಗರಲ್ಲಿ ಒಬ್ಬ ಯುವಕ ಇದ್ದ, ವಿಲಿಯಂ ಥಾಮ್ಸನ್. ವಯಸ್ಸು 23ರ ಆಸುಪಾಸು, ಆಗಲೇ ಗ್ಲಾಸ್ಗೋದಲ್ಲಿ ಪ್ರೊಫೆಸರ್. ಮುಂದೆ ಲಾರ್ಡ್ ಕೆಲ್ವಿನ್ ಆದವನು ಇವನೇ. ಜೂಲ್ ಹೇಳಿದ್ದು ತಪ್ಪಿರಬೇಕು ಅಂತ ಅವನಿಗೆ ಮೊದಲು ಅನ್ನಿಸ್ತು, ಆದ್ರೆ ಪ್ರಯೋಗದಲ್ಲಿ ತಪ್ಪು ಸಿಗಲಿಲ್ಲ. ಇಬ್ಬರೂ ಮಾತಾಡಿದರು. ಜೂಲ್ ಮತ್ತು ಕೆಲ್ವಿನ್, ನಮ್ಮ ಎಂಟ್ರೊಪಿ ಲೆಕ್ಕದಲ್ಲಿ ಮೇಲೆ ಒಬ್ಬ ಕೆಳಗೆ ಒಬ್ಬ ಇದ್ದಾರಲ್ಲ, ಅವರ ಸ್ನೇಹ ಶುರುವಾದದ್ದು ಅಲ್ಲಿ.

ಆ ಆಗಸ್ಟ್‌ನಲ್ಲಿ ಜೂಲ್ ಅಮೀಲಿಯಾ ಗ್ರೈಮ್ಸ್‌ಳನ್ನು ಮದುವೆಯಾದ. ಹನಿಮೂನ್‌ಗೆ ಆಲ್ಪ್ಸ್ ಕಡೆ ಹೋದಾಗ ದಾರಿಯಲ್ಲಿ ಥಾಮ್ಸನ್ ಸಿಕ್ಕಿದ. ಜೂಲ್ ಕೈಯಲ್ಲಿ ಉದ್ದನೆಯ ಥರ್ಮಾಮೀಟರ್ ಇತ್ತು, ಜಲಪಾತದ ಮೇಲಿನ ನೀರಿಗೂ ಕೆಳಗಿನ ನೀರಿಗೂ ವ್ಯತ್ಯಾಸ ಅಳೆಯಲು ಹೊರಟಿದ್ದ ಅಂತ ಥಾಮ್ಸನ್ ವಯಸ್ಸಾದ ಮೇಲೆ ಕಥೆ ಹೇಳುತ್ತಿದ್ದ. ಉಪ್ಪು ಖಾರ ಸ್ವಲ್ಪ ಸೇರಿರಬಹುದು. ಆದ್ರೆ ಯೋಚನೆ ಮಾತ್ರ ಜೂಲ್‌ನದೇ. ನಯಾಗರದ 160 ಅಡಿ ಬಿದ್ದ ನೀರು ಕೆಳಗೆ ಡಿಗ್ರಿ ಫ್ಯಾರನ್‌ಹೀಟ್‌ನ ಐದನೇ ಒಂದು ಭಾಗ ಬಿಸಿ ಇರಬೇಕು ಅಂತ ಅವನು ಎರಡು ವರ್ಷ ಮೊದಲೇ ಲೆಕ್ಕ ಹಾಕಿ ಬರೆದಿದ್ದ. 160 ಭಾಗಿಸು 772 ಮಾಡಿ ನೋಡಿ, ಹತ್ತಿರ ಬರ್ತದೆ.

1849ರಲ್ಲಿ ಅವನ ದೊಡ್ಡ ಪೇಪರನ್ನು ರಾಯಲ್ ಸೊಸೈಟಿ ಮುಂದೆ ಇಟ್ಟದ್ದು ಮೈಕಲ್ ಫ್ಯಾರಡೆ. ಅದರ ಕೊನೆಯಲ್ಲಿ ಮೂರನೇ ತೀರ್ಮಾನ ಒಂದಿತ್ತು: ಘರ್ಷಣೆ ಅಂದ್ರೆ ಕೆಲಸ ಶಾಖವಾಗಿ ಬದಲಾಗೋದೇ. ಪರಿಶೀಲಕರು ಅದನ್ನು ತೆಗೆಸಿದರು. ಸಂಖ್ಯೆ ಒಪ್ಪುತ್ತೇವೆ, ಅರ್ಥ ಒಪ್ಪೋದಿಲ್ಲ ಅನ್ನುವ ಥರ. ಜೂಲ್ ತೆಗೆದ. ಸಂಖ್ಯೆ ಉಳಿದರೆ ಅರ್ಥ ತಾನಾಗಿ ಬರ್ತದೆ ಅಂತ ಅವನಿಗೆ ಗೊತ್ತಿದ್ದಿರಬೇಕು. 1850ರಲ್ಲಿ ಅದೇ ಸೊಸೈಟಿ ಅವನನ್ನು ಫೆಲೋ ಮಾಡಿಕೊಂಡಿತು.

ತಣ್ಣಗಾದ ಗ್ಯಾಸ್, ಖಾಲಿಯಾದ ಮನೆ

1852ರಿಂದ ಜೂಲ್ ಮತ್ತು ಥಾಮ್ಸನ್ ಸೇರಿ ಹೊಸ ಪ್ರಯೋಗ ಶುರುಮಾಡಿದರು. ಒತ್ತಡದ ಗ್ಯಾಸನ್ನು ಹತ್ತಿಯಂಥ ಸಣ್ಣ ರಂಧ್ರಗಳ ಅಡ್ಡಿಯ ಮೂಲಕ ಕಡಿಮೆ ಒತ್ತಡದ ಕಡೆಗೆ ಬಿಟ್ಟರೆ ಬಹಳಷ್ಟು ಗ್ಯಾಸ್‌ಗಳು ತಣ್ಣಗಾಗುತ್ತವೆ. ಜೂಲ್-ಥಾಮ್ಸನ್ ಪರಿಣಾಮ. ಥರ್ಮೋಡೈನಮಿಕ್ಸ್ ಪೇಪರ್‌ನಲ್ಲಿ ಪದೇ ಪದೇ ಬರೋ ಪ್ರಶ್ನೆ.

ಮನೆಯ ಕೆಗ್ ಸೆಟಪ್ ಇಟ್ಟವರು ಇದನ್ನು ಕಣ್ಣಾರೆ ನೋಡ್ತಾರೆ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ನಲ್ಲಿ ಒತ್ತಡ 50 ವಾಯುಭಾರಕ್ಕಿಂತ ಹೆಚ್ಚು. ರೆಗ್ಯುಲೇಟರ್ ಅದನ್ನು ಒಂದೇ ಏಟಿಗೆ ಒಂದರ ಆಸುಪಾಸಿಗೆ ಇಳಿಸ್ತದೆ. ಗ್ಯಾಸ್ ಜೋರಾಗಿ ಹರಿದರೆ ರೆಗ್ಯುಲೇಟರ್ ಬೆವರಿ ಹಿಮ ಕಟ್ಟುತ್ತೆ. ಯಾರೂ ಬಿಯರ್ ಹಿಡೀತಾ ಇಲ್ಲದಾಗಲೂ ಹಿಮ ಇದೆ ಅಂದ್ರೆ ಗ್ಯಾಸ್ ಎಲ್ಲೋ ಹರೀತಾ ಇದೆ, ಅಂದ್ರೆ ಲೀಕ್. ಸೋಪಿನ ನೀರು ಹಚ್ಚಿ ಗುಳ್ಳೆ ಎಲ್ಲಿ ಬರ್ತದೆ ನೋಡಬೇಕು. ನಲ್ಲಿಯಿಂದ ಬರೀ ನೊರೆ ಬರ್ತಿದೆ ಅನ್ನೋ ದೂರಿಗೂ ಥರ್ಮಾಮೀಟರ್ರೇ ಮದ್ದು. ಮೊದಲ ಗ್ಲಾಸ್ ನೊರೆ, ಎರಡನೆಯದು ಸರಿ ಅಂದ್ರೆ ಕೆಗ್ ತಣ್ಣಗಿದೆ, ಪೈಪ್ ಮತ್ತು ನಲ್ಲಿ ಬೆಚ್ಚಗಿವೆ. ಬಿಸಿ ತಾಗಿದ ಕೂಡಲೇ ಕರಗಿದ ಗ್ಯಾಸ್ ಹೊರಗೆ ಬರ್ತದೆ. ಫ್ರಿಜ್‌ನ ತಂಪು ಗಾಳಿ ನಲ್ಲಿಯವರೆಗೂ ಹೋಗೋ ಹಾಗೆ ಸಣ್ಣ ಫ್ಯಾನ್ ಇಟ್ಟರೆ ಸರಿ. ಎಲ್ಲ ಗ್ಲಾಸೂ ನೊರೆ ಅಂದ್ರೆ ಗ್ಯಾಸ್ ಹೆಚ್ಚಾಗಿರಬೇಕು ಅಥವಾ ಪೈಪ್ ತೀರಾ ಗಿಡ್ಡ ಇರಬೇಕು. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಅಳೆದು, ಬರೆದಿಟ್ಟು, ಮುಂದಿನದಕ್ಕೆ ಹೋಗಬೇಕು. ಜೂಲ್ ನೆಲಮಾಳಿಗೆಯಲ್ಲಿ ಮಾಡಿದ್ದೂ ಅದೇ.

ಆದ್ರೆ ಈ ಕೆಲಸ ನಡೀತಿದ್ದಾಗಲೇ ಅವನ ಮನೆ ಮುರಿದು ಬಿತ್ತು. 1854ರಲ್ಲಿ ಅಮೀಲಿಯಾ ತೀರಿಕೊಂಡಳು, ಹಸುಗೂಸೂ ಉಳಿಯಲಿಲ್ಲ. ಮದುವೆಯಾಗಿ ಏಳು ವರ್ಷ. ಉಳಿದದ್ದು ಒಬ್ಬ ಮಗ, ಒಬ್ಬ ಮಗಳು. 1850ರ ದಶಕದ ಮಧ್ಯದಲ್ಲೇ ಬ್ರೂವರಿಯನ್ನೂ ಮಾರಿದರು. ಜೂಲ್ ಮತ್ತೆ ಮದುವೆಯಾಗಲಿಲ್ಲ. ಮೊದಲೇ ನಾಚಿಕೆ ಸ್ವಭಾವದವನು ಇನ್ನಷ್ಟು ಒಳಗೆ ಸೇರಿಕೊಂಡ. ಮನೆಗಳು ಬದಲಾದವು, ಉಪಕರಣಗಳೂ ಅವನ ಜೊತೆ ಊರು ಬದಲಾಯಿಸಿದವು, ಅಳೆಯೋದು ನಿಲ್ಲಲಿಲ್ಲ.

ಗೌರವಗಳು ಬಂದವು. 1852ರಲ್ಲಿ ರಾಯಲ್ ಮೆಡಲ್, 1870ರಲ್ಲಿ ಕಾಪ್ಲಿ ಮೆಡಲ್, ವಿಶ್ವವಿದ್ಯಾಲಯಗಳ ಗೌರವ ಡಾಕ್ಟರೇಟ್. ದುಡ್ಡು ಮಾತ್ರ ಕರಗ್ತಾ ಹೋಯ್ತು. ಯಾವ ಸಂಸ್ಥೆಯಿಂದಲೂ ಸಂಬಳ ಇಲ್ಲದೆ ಬಹುತೇಕ ಸ್ವಂತ ಖರ್ಚಿನಲ್ಲಿ ವಿಜ್ಞಾನ ಮಾಡಿದವನಿಗೆ ಕೊನೆಗೆ, 1878ರಲ್ಲಿ, ಸರ್ಕಾರ ವರ್ಷಕ್ಕೆ 200 ಪೌಂಡ್ ಪಿಂಚಣಿ ಕೊಟ್ಟಿತು. ಅದೇ ವರ್ಷ ತನ್ನ ಸಂಖ್ಯೆಯನ್ನು ಮತ್ತೊಮ್ಮೆ ಅಳೆದು ಪ್ರಕಟಿಸಿದ: 772.55. ಆಗ ಅವನಿಗೆ 59.

772.55

ಜೂಲ್ 1889ರ ಅಕ್ಟೋಬರ್ 11ರಂದು ಮ್ಯಾಂಚೆಸ್ಟರ್ ಹತ್ತಿರದ ಸೇಲ್ ಪಟ್ಟಣದ ತನ್ನ ಮನೆಯಲ್ಲಿ ತೀರಿಕೊಂಡ. ಅದೇ ವರ್ಷ ಪ್ಯಾರಿಸ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನ ಶಕ್ತಿಯ ಯೂನಿಟ್‌ಗೆ ಅವನ ಹೆಸರನ್ನು ಒಪ್ಪಿಕೊಂಡಿತ್ತು. ಮ್ಯಾಂಚೆಸ್ಟರ್ ಟೌನ್ ಹಾಲ್‌ನಲ್ಲಿ ಅವನ ಪ್ರತಿಮೆ ಇದೆ, ಎದುರಿಗೆ ಗುರು ಡಾಲ್ಟನ್‌ನದು. ಸೇಲ್‌ನಲ್ಲಿ ಒಂದು ಪಬ್‌ಗೂ ಅವನ ಹೆಸರಿಟ್ಟಿದ್ದಾರೆ. ಬ್ರೂವರಿ ಮನೆಯವನಿಗೆ ಅದು ಹೆಚ್ಚು ಇಷ್ಟ ಆಗ್ತಿತ್ತೋ ಏನೋ.

ಅವನ ಕೆಲಸ ಬಿಯರ್‌ಗೇ ವಾಪಸ್ ಬಂದದ್ದು ಇನ್ನೊಂದು ಸ್ವಾರಸ್ಯ. ಜರ್ಮನಿಯ ಎಂಜಿನಿಯರ್ ಕಾರ್ಲ್ ಫಾನ್ ಲಿಂಡೆ ತನ್ನ ಮೊದಲ ಶೈತ್ಯಯಂತ್ರವನ್ನು 1870ರ ದಶಕದಲ್ಲಿ ಪರೀಕ್ಷೆ ಮಾಡಿದ್ದು ಮ್ಯೂನಿಕ್‌ನ ಸ್ಪಾಟನ್ ಬ್ರೂವರಿಯಲ್ಲಿ. ಅದೇ ಲಿಂಡೆ 1895ರಲ್ಲಿ ಜೂಲ್-ಥಾಮ್ಸನ್ ಪರಿಣಾಮ ಬಳಸಿ ಗಾಳಿಯನ್ನೇ ದ್ರವ ಮಾಡಿದ.

ಜೂಲ್‌ನ ಸಮಾಧಿ ಸೇಲ್‌ನ ಬ್ರೂಕ್‌ಲ್ಯಾಂಡ್ಸ್ ಸ್ಮಶಾನದಲ್ಲಿದೆ. ಕಲ್ಲಿನ ಮೇಲ್ಭಾಗದಲ್ಲಿ ಕೆತ್ತಿರೋದು ಒಂದು ಸಂಖ್ಯೆ: 772.55. ಇವತ್ತು ನಾವು ಒಪ್ಪುವ ಬೆಲೆ ಸುಮಾರು 778. ವ್ಯತ್ಯಾಸ ಶೇಕಡಾ ಒಂದಕ್ಕಿಂತ ಕಡಿಮೆ. ಅದರ ಕಾರಣವನ್ನೂ 1879ರಲ್ಲಿ ಅಮೆರಿಕದ ಹೆನ್ರಿ ರೋಲೆಂಡ್ ಹುಡುಕಿದ. ಜೂಲ್‌ನ ಕೈ ತಪ್ಪಿರಲಿಲ್ಲ, ಪಾದರಸದ ಥರ್ಮಾಮೀಟರ್‌ನ ಡಿಗ್ರಿಯೇ ಗ್ಯಾಸ್ ಥರ್ಮಾಮೀಟರ್‌ನ ಡಿಗ್ರಿಗಿಂತ ಕೂದಲೆಳೆಯಷ್ಟು ಬೇರೆ ಇತ್ತು.

ನಮ್ಮ ಲ್ಯಾಬ್ ರೆಕಾರ್ಡ್‌ಗಳಲ್ಲಿ ಎರರ್ ಶೇಕಡಾ ಐದರೊಳಗೆ ಬಂದ್ರೆ ಸೈನ್ ಸಿಗ್ತದೆ, ನಾವು ಕ್ಯಾಂಟೀನ್‌ಗೆ ಹೋಗ್ತೀವಿ. ಜೂಲ್‌ಗೆ ಸೈನ್ ಹಾಕೋರು ಯಾರೂ ಇರಲಿಲ್ಲ. ಮೂವತ್ತೈದು ವರ್ಷ ಅದೇ ಸಂಖ್ಯೆಯನ್ನು ಹಿಡಿದುಕೊಂಡು ಕೂತ, ಪ್ರತಿ ಸಲ ಶಾಖ ಸೋರುವ ಒಂದೊಂದು ತೂತು ಮುಚ್ಚಿದ. ಮುಂದಿನ ಸಲ ಉತ್ತರದ ಕೊನೆಯಲ್ಲಿ ಅವನ ಹೆಸರು ಬರೆಯುವಾಗ, ನೆಲಮಾಳಿಗೆಯಲ್ಲಿ ಮರದ ಪರದೆ ಹಿಂದೆ ನಿಂತು ಥರ್ಮಾಮೀಟರ್ ಓದುತ್ತಿದ್ದ ಆ ಬಿಯರ್ ವ್ಯಾಪಾರಿಯನ್ನು ಒಂದು ಕ್ಷಣ ನೆನೆಸಿಕೊಂಡರೆ ಸಾಕು.